ಕೆರೆಯದೆ ಬಳಿದ ಬಣ್ಣ

ಕೋಲಾರದಿಂದ ವಕ್ಕಲೇರಿಗೆ ಹೊರಟವರು ಹೆಚ್ಚಾಗಿ ಮಾರ್ಕಂಡೇಶ್ವರನ ಬೆಟ್ಟಕ್ಕೆ ಹೊರಟಿರುತ್ತಾರೆ. ನಾನೂ ಬೆಟ್ಟ ಹತ್ತಿ ದೇವರಿಗೆ ಕೈ ಮುಗಿದು ಬಂದೆ. ಆದರೆ ಈ ಸಲ ನನ್ನ ಕಣ್ಣು ನೆಟ್ಟಿದ್ದು ದಾರಿಯ ಪಕ್ಕದ ಸಣ್ಣಪುಟ್ಟ ಸಾಮಾನುಗಳ ಮೇಲೆ. ಮೋರಿಯ ಕಟ್ಟೆ, ಕಿಲೋಮೀಟರ್ ಕಲ್ಲು, ಬಸ್ ತಂಗುದಾಣದ ಕಂಬ, ಅರಳಿಕಟ್ಟೆಯ ಸುತ್ತಲಿನ ಕಬ್ಬಿಣದ ಬೇಲಿ, ಕುಡಿಯುವ ನೀರಿನ ಘಟಕದ ಬಾಗಿಲು, ಶಾಲೆಯ ಮುಂದಿನ ಬೆಂಚು. ಇವು ಯಾರ ಮನೆಯವೂ ಅಲ್ಲ, ಎಲ್ಲರ ಬಳಕೆಯವು. ಇವಕ್ಕೆ ಬಣ್ಣ ಬಳಿಯುವವರು ಯಾರು, ಬಳಿದ ಬಣ್ಣ ಎಷ್ಟು ದಿನ ನಿಲ್ಲುತ್ತದೆ, ಯಾಕೆ ಉದುರುತ್ತದೆ ಎಂದು ನೋಡುತ್ತಾ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯೆಲ್ಲ ತಿರುಗಿದೆ. ವಕ್ಕಲೇರಿಯಲ್ಲಿ ಹೆಚ್ಚು ಹೊತ್ತು ಕೂತೆ.

ರಸ್ತೆಯ ಬಣ್ಣಗಳಿಗೆ ಅವುಗಳದೇ ಭಾಷೆಯಿದೆ. ಕಿಲೋಮೀಟರ್ ಕಲ್ಲಿನ ತಲೆ ಹಳದಿಯಾಗಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾಗಿದ್ದರೆ ರಾಜ್ಯ ಹೆದ್ದಾರಿ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಹಳ್ಳಿ ರಸ್ತೆಯಾದರೆ ಕಿತ್ತಳೆ. ಓದು ಬಾರದವರೂ ತಾವು ಎಂಥ ರಸ್ತೆಯ ಮೇಲಿದ್ದೇವೆ ಎಂದು ಇದರಿಂದ ತಿಳಿಯಬಹುದು. 2010ರಲ್ಲಿ ದೇಶದ ಹೆದ್ದಾರಿಗಳಿಗೆ ಹೊಸ ಸಂಖ್ಯೆ ಕೊಟ್ಟಾಗ ಕೋಲಾರ, ಮುಳಬಾಗಿಲ ಮೇಲೆ ಹಾಯುವ ನಾಲ್ಕನೇ ನಂಬರ್ ಹೆದ್ದಾರಿ 75 ಆಯಿತು. ಊರಿನ ಹಿರಿಯರ ಬಾಯಲ್ಲಿ ಮಾತ್ರ ಅದು ಇನ್ನೂ ಮದ್ರಾಸ್ ರೋಡೇ. ದೊಡ್ಡ ಮರಗಳ ಬುಡಕ್ಕೆ ಸುಣ್ಣ, ನಡುವೆ ಕೆಮ್ಮಣ್ಣಿನ ಪಟ್ಟೆ. ಮೋರಿಯ ಕಟ್ಟೆಗೆ ಕಪ್ಪು ಬಿಳಿ.

ಈ ಕಪ್ಪು ಬಿಳಿಯನ್ನು ಅಲಂಕಾರ ಎಂದುಕೊಂಡವರು ಒಂದು ರಾತ್ರಿ ಟೊಮೆಟೊ ಸುಗ್ಗಿಯಲ್ಲಿ ಕೋಲಾರದ ಸುತ್ತಿನ ರಸ್ತೆಗಳಲ್ಲಿ ನಿಂತು ನೋಡಬೇಕು. ತೋಟದಿಂದ ಕ್ರೇಟು ತುಂಬಿದ ಟೆಂಪೊಗಳು ಎಪಿಎಂಸಿ ಮಾರುಕಟ್ಟೆಗೆ ಓಡುತ್ತಿರುತ್ತವೆ. ಎದುರು ಬೆಳಕಿಗೆ ಕಣ್ಣು ಕುಕ್ಕಿದ ಗಳಿಗೆಯಲ್ಲಿ ರಸ್ತೆಯ ಅಂಚು ಎಲ್ಲಿ, ಹಳ್ಳ ಎಲ್ಲಿ ಎಂದು ಡ್ರೈವರಿಗೆ ಹೇಳುವುದು ಆ ಕಟ್ಟೆಯ ಬಿಳಿ ಮಾತ್ರ. ಬಿಳಿ ಮಾಸಿ ದೂಳಿನ ಬಣ್ಣಕ್ಕೆ ತಿರುಗಿದರೆ ಕಟ್ಟೆ ಇದ್ದೂ ಇಲ್ಲದಂತೆ. ಸೈಕಲ್ಲಿನಲ್ಲಿ ಹಾಲು ಹಾಕಲು ಬೆಳಗಿನ ಜಾವ ಡೈರಿಗೆ ಹೋಗುವವರಿಗೂ ಅದೇ ಗುರುತು. ಕೆಲವು ನೂರು ರೂಪಾಯಿಯ ಬಣ್ಣಕ್ಕೆ ಒಂದು ಜೀವದ ಹೊಣೆ ಇರುತ್ತದೆ. ಇದನ್ನು ನಾನು ಮನಸಾರೆ ನಂಬುತ್ತೇನೆ.

ವಕ್ಕಲೇರಿಯಲ್ಲಿ ನನಗೆ ಕಾಣಸಿಕ್ಕಿದ್ದು ಗಂಡ ಹೆಂಡತಿ ಇಬ್ಬರು ಕೆಲಸಗಾರರು. ಅರಳಿಕಟ್ಟೆಯ ಸುತ್ತಲಿನ ಕಬ್ಬಿಣದ ಬೇಲಿಗೆ ಊರಿನ ಕೆಲವರು ದುಡ್ಡು ಹಾಕಿ ಬಣ್ಣದ ಕೆಲಸ ಮಾಡಿಸುತ್ತಿದ್ದರು. ಆತ ನೆರಳಲ್ಲಿ ಕೂತು ಡಬ್ಬದಲ್ಲಿ ರೆಡ್ ಆಕ್ಸೈಡ್ ಕಲಸಿ ಕಲಸಿ ನೋಡುತ್ತಿದ್ದರು. ಆಕೆ ಸೆರಗನ್ನು ಮೂಗಿಗೆ ಕಟ್ಟಿಕೊಂಡು ವೈರ್ ಬ್ರಷ್ಷಿನಿಂದ ಸರಳುಗಳನ್ನು ಉಜ್ಜುತ್ತಿದ್ದರು.

“ಅಣ್ಣಾ, ಬಣ್ಣ ಯಾವಾಗ ಶುರು ಮಾಡ್ತೀರಾ?” ಅಂದೆ.

“ಇವತ್ತಿಲ್ಲ ಅಕ್ಕಾ. ಇವತ್ತೂ ನಾಳೆನೂ ಬರೀ ಕೆರೆಯೋದೇ. ನಾಳಿದ್ದು ಪ್ರೈಮರು. ಅದು ಒಣಗಿದ ಮೇಲೆ ಬಣ್ಣ,” ಅಂದರು. ಆಮೇಲೆ ಹೆಂಡತಿಯ ಕಡೆ ನೋಡಿ, “ಬಣ್ಣ ನನ್ದು, ಕೆರೆಯೋದು ಇವಳ್ದು. ಕೆಲ್ಸ ಅಂದ್ರೆ ಇವಳ್ದೇ ಜಾಸ್ತಿ,” ಅಂತ ಸೇರಿಸಿದರು.

ಆಕೆ ಉಜ್ಜುವುದನ್ನು ನಿಲ್ಲಿಸಲಿಲ್ಲ. “ತುಕ್ಕಿನ ಮೇಲೆ ಹೊಡೆದ್ರೆ ತುಕ್ಕಿಗೆ ಹೊಡ್ದಂಗಾಯ್ತದೆ ಅಕ್ಕಾ, ಕಬ್ಬಿಣಕ್ಕೆ ಹೊಡ್ದಂಗಲ್ಲ,” ಅಂದರು.

ಇಡೀ ವಿದ್ಯೆ ಆ ಮಾತಿನಲ್ಲಿದೆ. ಕಬ್ಬಿಣ ತುಕ್ಕು ಹಿಡಿದಾಗ ಉಬ್ಬುತ್ತದೆ. ಇದ್ದ ಜಾಗಕ್ಕಿಂತ ಹಲವು ಪಟ್ಟು ಜಾಗ ತುಕ್ಕಿಗೆ ಬೇಕು. ಮೇಲೆ ಎಷ್ಟೇ ಹೊಳೆಯುವ ಎನಾಮೆಲ್ ಇರಲಿ, ಒಳಗಿನ ತುಕ್ಕು ಅದನ್ನು ಕೆಳಗಿನಿಂದ ಎತ್ತುತ್ತದೆ. ಮೊದಲು ಸಣ್ಣ ಗುಳ್ಳೆ, ಆಮೇಲೆ ಬಿರುಕು, ಬಿರುಕಿನೊಳಗೆ ಮಳೆ, ಮಳೆಯಿಂದ ಮತ್ತೆ ತುಕ್ಕು. ಹೀಗೆ ಒಂದು ವರ್ಷದಲ್ಲಿ ಬಣ್ಣ ಹಪ್ಪಳದಂತೆ ಎದ್ದು ಬರುತ್ತದೆ. ಆಗ ಜನ ಬಣ್ಣದ ಕಂಪನಿಯನ್ನು ಬೈಯುತ್ತಾರೆ. ತಪ್ಪು ಹೆಚ್ಚಿನ ಸಲ ಡಬ್ಬದಲ್ಲಿರುವುದಿಲ್ಲ, ಡಬ್ಬ ತೆರೆಯುವ ಮುಂಚಿನ ಎರಡು ದಿನಗಳಲ್ಲಿರುತ್ತದೆ.

ಆ ಎರಡು ದಿನ ಏನು ನಡೆಯಬೇಕೆಂದು ಅವರ ಕೈ ನೋಡಿ ತಿಳಿದುಕೊಂಡೆ. ಎದ್ದ ಹಳೆಯ ಬಣ್ಣವನ್ನು ಸ್ಕ್ರೇಪರಿನಿಂದ ಎಬ್ಬಿಸುವುದು. ಗಟ್ಟಿಯಾಗಿ ಕಚ್ಚಿಕೊಂಡಿರುವುದನ್ನು ಕೀಳುವುದಿಲ್ಲ, ಅದರ ಅಂಚನ್ನು ಮಾತ್ರ ಉಪ್ಪುಕಾಗದದಿಂದ ಇಳಿಜಾರು ಮಾಡುವುದು. ವೈರ್ ಬ್ರಷ್ಷಿನಿಂದ ಕಬ್ಬಿಣದ ಹೊಳಪು ಕಾಣುವ ತನಕ ಉಜ್ಜುವುದು. ದೂಳನ್ನು ಬಟ್ಟೆಯಿಂದ ಒರೆಸಿ, ಜಿಡ್ಡಿದ್ದರೆ ಥಿನ್ನರಿನಲ್ಲಿ ತೊಳೆಯುವುದು. ಉಜ್ಜಿದ ಕಬ್ಬಿಣವನ್ನು ರಾತ್ರಿ ಬಯಲಿಗೆ ಬಿಡದೆ ಸಂಜೆಯೊಳಗೆ ಪ್ರೈಮರು ಕಾಣಿಸುವುದು. ಇಬ್ಬನಿ ಬಿದ್ದರೆ ಬೆಳಗಾಗುವಷ್ಟರಲ್ಲಿ ಮತ್ತೆ ಕಂದು. ಅದಕ್ಕೇ ಅವರು ಬೇಲಿಯನ್ನು ಒಂದೇ ಸಲ ಕೆರೆಯದೆ, ಒಂದು ದಿನದಲ್ಲಿ ಮುಗಿಯುವಷ್ಟು ಭಾಗ ಮಾಡಿಕೊಂಡು ಅಷ್ಟಷ್ಟಕ್ಕೇ ಮೊದಲ ಕೈ ಪ್ರೈಮರು ಎಳೆಯುತ್ತಿದ್ದರು. ನಾಳಿದ್ದಿನದು ಇಡೀ ಬೇಲಿಗೆ ಎರಡನೆಯ ಕೈ.

ಬೇಲಿಯ ಒಂದು ಭಾಗ ಮಾತ್ರ ಬೇರೆ ಥರ ಸಿಪ್ಪೆ ಬಿಟ್ಟಿತ್ತು. ತುಕ್ಕೇ ಇಲ್ಲ, ಆದರೂ ಬಣ್ಣ ಹಾಳೆಹಾಳೆಯಾಗಿ ಕಿತ್ತು ಬರುತ್ತಿತ್ತು. “ಅದು ಜಿಐ ಪೈಪು ಅಕ್ಕಾ, ಬಣ್ಣ ಕಚ್ಚಲ್ಲ,” ಅಂದರು ಆತ. ಸತುವಿನ ಲೇಪನವಿರುವ ಹೊಸ ಪೈಪಿನ ಮೈ ನುಣುಪು. ಅದಕ್ಕೆ ಲೋಹದ ಮೈ ಕಚ್ಚುವ ಬೇರೆಯದೇ ಪ್ರೈಮರ್, ‘ಎಚ್’ ಪ್ರೈಮರ್, ಬೇಕು, ಇಲ್ಲವೇ ಒಂದೆರಡು ಮಳೆಗಾಲ ಹಾಗೇ ಬಿಟ್ಟು ಮೈ ಒರಟಾದ ಮೇಲೆ ಬಳಿಯಬೇಕು. ನಮ್ಮ ಊರುಗಳ ಪಾರ್ಕು, ರಸ್ತೆ ವಿಭಜಕ, ಶಾಲೆಗಳಲ್ಲಿ ಹಾಕಿರುವ ಎಷ್ಟೋ ಪೈಪುಗಳು ವರ್ಷದೊಳಗೆ ಬಣ್ಣ ಬಿಡುವುದು ಇದೇ ಕಾರಣಕ್ಕೆ. ಅಂಥ ಕಡೆ ಬಣ್ಣವನ್ನೇ ಹಾಕದೆ ಸತುವಿನ ಬೂದು ಬಣ್ಣ ಹಾಗೇ ಬಿಟ್ಟಿದ್ದರೂ ಕಬ್ಬಿಣ ಚೆನ್ನಾಗಿರುತ್ತಿತ್ತು.

ಕಂಬಗಳು ಸಾಯುವುದು ಬುಡದಲ್ಲಿ. ಕಾಂಕ್ರೀಟಿಗೆ ಕಂಬ ಸೇರುವಲ್ಲಿ ನೀರು ನಿಲ್ಲುತ್ತದೆ, ಕಸ ಸೇರುತ್ತದೆ, ನಾಯಿ ಕಾಲೆತ್ತುತ್ತದೆ, ಎಲೆಅಡಿಕೆ ಮೆಲ್ಲುವವರು ಉಗಿಯುತ್ತಾರೆ. ಮೇಲೆ ಹತ್ತಡಿ ಬಣ್ಣ ಫಳಫಳ, ಬುಡದಲ್ಲಿ ನಾಲ್ಕು ಬೆರಳಷ್ಟು ತುಕ್ಕಿನ ಉಂಗುರ ಕಬ್ಬಿಣವನ್ನೇ ತಿಂದಿರುತ್ತದೆ. ಉಗುಳಿನ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಕೋಲ್ಕತ್ತದ ಹೌರಾ ಸೇತುವೆಯ ಕಂಬಗಳ ಬುಡದಲ್ಲಿದ್ದ ಉಕ್ಕಿನ ಕವಚ ಪಾನ್ ಉಗುಳಿನಿಂದ ಆರು ಮಿಲಿಮೀಟರಿನಿಂದ ಮೂರಕ್ಕೆ ಇಳಿದಿದೆ ಎಂದು ಎಂಜಿನಿಯರುಗಳು 2010ರ ಸುಮಾರಿಗೆ ಕಂಡುಕೊಂಡರು. ಆಮೇಲೆ ಫೈಬರ್‌ಗ್ಲಾಸ್ ಹೊದಿಕೆ ಹಾಕಬೇಕಾಯಿತು. ಅಷ್ಟು ದೊಡ್ಡ ಸೇತುವೆಗೆ ಹಾಗಾದರೆ ಹಳ್ಳಿಯ ತಂಗುದಾಣದ ಎರಡಂಗುಲದ ಪೈಪು ಎಷ್ಟು ತಾಳೀತು! ಬಣ್ಣದ ಕೆಲಸಕ್ಕೆ ಬಂದವರು ಮೊದಲು ಬಗ್ಗಿ ಬುಡ ನೋಡಬೇಕು. ವಕ್ಕಲೇರಿಯ ಆ ಹೆಂಗಸು ಹಾಗೇ ಮಾಡುತ್ತಿದ್ದರು. ಕುಕ್ಕರಗಾಲಲ್ಲಿ ಕೂತು ಬುಡದಿಂದ ಮೇಲಕ್ಕೆ ಬರುತ್ತಿದ್ದರು.

ಕೋಲಾರ ಒಣ ಸೀಮೆ. ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರ, ವರ್ಷಕ್ಕೆ ಸುಮಾರು 750 ಮಿಲಿಮೀಟರ್ ಮಳೆ. ಮಂಗಳೂರು, ಕಾರವಾರದ ಉಪ್ಪುಗಾಳಿಗೆ ಕಬ್ಬಿಣ ಕರಗುವ ವೇಗ ಇಲ್ಲಿಲ್ಲ. ಇಲ್ಲಿ ಬಣ್ಣದ ಶತ್ರು ಬಿಸಿಲು. ತೆಂಕಣ, ಪಡುವಣ ಮುಖದ ಬಣ್ಣ ಬೆರಳಿಟ್ಟರೆ ಸೀಮೆಸುಣ್ಣದ ಪುಡಿಯಾಗಿ ಅಂಟುತ್ತದೆ. ಹಾಗೆ ಬಣ್ಣ ಸವೆದು ತುಕ್ಕು ಹಿಡಿದ ಬೆಂಚಿನ ಮೇಲೆ ಕೂತೆದ್ದ ಅಜ್ಜಂದಿರ ಬಿಳಿ ಪಂಚೆಯ ಹಿಂದೆ ಕೆಂಪು ಗೆರೆ ಕಂಡು ನನಗೆ ಬೇಸರವಾದದ್ದುಂಟು. ಒಗೆದರೂ ತುಕ್ಕಿನ ಕಲೆ ಹೋಗುವುದಿಲ್ಲ. ಆಮೇಲೆ ಅವರು ಬೆಂಚು ಬಿಟ್ಟು ಕಲ್ಲಿನ ಮೇಲೆ ಕೂರುತ್ತಾರೆ.

ಕಲ್ಲಿನ ಮೇಲೆ ಕೂರುವುದೇ ಈ ಸೀಮೆಯ ಹಳೆಯ ಪದ್ಧತಿ ಕೂಡ. ಅರಳಿಕಟ್ಟೆಯ ಚಪ್ಪಡಿ, ತಲೆಹೊರೆ ಇಳುಹಲು ರಸ್ತೆ ಬದಿಯಲ್ಲಿ ನಿಲ್ಲಿಸಿದ ಹೊರೆಗಲ್ಲು, ದನಕ್ಕೆ ನೀರು ಕುಡಿಸುವ ಕಲ್ಲಿನ ತೊಟ್ಟಿ. ಕೋಲಾರದ ಕಲ್ಲು ಬಣ್ಣ ಬೇಡುವುದಿಲ್ಲ. ಆದರೂ ಈಗೀಗ ಅದಕ್ಕೂ ಎನಾಮೆಲ್ ಬಳಿಯುವ ಚಾಳಿ ಬಂದಿದೆ. ನುಣುಪು ಕಲ್ಲಿಗೆ ಆ ಬಣ್ಣ ಹಿಡಿಯದು, ಬಿಡುವಾಗ ತುಂಡುತುಂಡಾಗಿ ಬಿಟ್ಟು ಕಲ್ಲಿನ ಅಂದವನ್ನೂ ಕೆಡಿಸುತ್ತದೆ. ವೀರಗಲ್ಲು, ಶಾಸನದ ಕಲ್ಲುಗಳಿಗೆ ಬಳಿದರಂತೂ ಅಕ್ಷರವೇ ಮುಚ್ಚಿಹೋಗುತ್ತದೆ. ನಾಡಿನ ಶಾಸನಗಳನ್ನು ಸಂಗ್ರಹಿಸಿದ ಬಿ.ಎಲ್. ರೈಸ್ 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟವನ್ನು ಕೋಲಾರ ಜಿಲ್ಲೆಗೇ ಮೀಸಲಿಟ್ಟರು. ಅಷ್ಟು ಶಾಸನಗಳಿರುವ ಸೀಮೆ ಇದು. ಯಾವ ಕಲ್ಲಿಗೂ ಬ್ರಷ್ ಎತ್ತುವ ಮುಂಚೆ ಅದರಲ್ಲಿ ಬರಹ ಇದೆಯೇ ಎಂದು ಒಮ್ಮೆ ನೋಡಿದರೆ ಸಾಕು.

ಶಾಸನ ಎಂದಾಗ ವಕ್ಕಲೇರಿಯ ತಾಮ್ರಪಟಗಳನ್ನು ನೆನೆಯಲೇಬೇಕು. ಬಾದಾಮಿ ಚಾಲುಕ್ಯರ ಕೊನೆಯ ಅರಸ ಇಮ್ಮಡಿ ಕೀರ್ತಿವರ್ಮ ಕ್ರಿ.ಶ. 757ರಲ್ಲಿ ಹೊರಡಿಸಿದ ದಾನಶಾಸನ ಸಿಕ್ಕಿದ್ದು ಈ ಊರಿನಲ್ಲಿ. ಅವನ ತಂದೆ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದೂ ಅಲ್ಲಿನ ರಾಜಸಿಂಹೇಶ್ವರ ಗುಡಿಗೆ ಚಿನ್ನ ಕೊಟ್ಟ ಸಂಗತಿಯೂ ಅದರಲ್ಲಿದೆ. ಸಾವಿರ ವರ್ಷಕ್ಕೂ ಮೇಲೆ ಆ ಅಕ್ಷರಗಳು ಉಳಿದದ್ದು ಹೇಗೆಂದರೆ, ತಾಮ್ರದ ಕಿಲುಬು ಮೈಗೆ ಕಚ್ಚಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ, ಉದುರಿ ಉದುರಿ ಹೊಸ ಕಬ್ಬಿಣವನ್ನು ಗಾಳಿಗೆ ಒಡ್ಡುತ್ತದೆ. ಕಬ್ಬಿಣವನ್ನು ಊರಿಗೆ ತಂದವರು ಅದರ ಕಾವಲನ್ನೂ ಜೊತೆಗೇ ತರಬೇಕಾಗಿತ್ತು.

ನಮ್ಮಲ್ಲಿ ಕಾವಲಿನ ಪದ್ಧತಿ ಇರಲಿಲ್ಲವೆಂದಲ್ಲ. ಸುಣ್ಣಕ್ಕೆ ಇತ್ತು. ಸುಟ್ಟ ಸುಣ್ಣದ ಕಲ್ಲನ್ನು ನೀರಿಗೆ ಹಾಕಿ ಅರಳಿಸಿ, ಸೋಸಿ, ಅಂಟಿಗೆ ಅನ್ನದ ಗಂಜಿಯನ್ನೋ ಬೆಲ್ಲವನ್ನೋ ಬೆರೆಸಿ, ಬೆಳ್ಳಗೆ ಕಾಣಲು ಚಿಟಿಕೆ ನೀಲಿ ಹಾಕಿ, ನಾರಿನ ಕುಂಚದಲ್ಲಿ ಎಳೆಯುತ್ತಿದ್ದರು. ಬಳಿದ ಸುಣ್ಣ ಗಾಳಿಯೊಳಗಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುತ್ತದೆ. ಆದರೂ ಅದರ ಆಯುಸ್ಸು ಒಂದು ಮಳೆಗಾಲ. ಇದು ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಸುಣ್ಣಕ್ಕೆ ಪಂಚಾಂಗದಲ್ಲಿ ಜಾಗವಿತ್ತು. ಸಂಕ್ರಾಂತಿ, ಯುಗಾದಿ, ಊರ ಜಾತ್ರೆ. ಗುಡಿಯ ಪೌಳಿಗೆ ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿಯುವವರು ಯಾರು, ಕೆಮ್ಮಣ್ಣು ತರುವವರು ಯಾರು, ಯಾವ ದಿನ ಎಂಬುದನ್ನು ಯಾರೂ ಯಾರಿಗೂ ನೆನಪಿಸಬೇಕಿರಲಿಲ್ಲ. ಎನಾಮೆಲ್ ಬಂದು ಐದು ವರ್ಷ ಬಾಳುತ್ತೇನೆ ಎಂದಿತು. ಐದು ವರ್ಷ ಎಂಬುದು ಯಾವ ಹಬ್ಬವೂ ಅಲ್ಲ. ಅಷ್ಟರಲ್ಲಿ ಬಣ್ಣ ಹೊಡೆಸಿದ ಮೆಂಬರು ಬದಲಾಗಿರುತ್ತಾರೆ, ಗುತ್ತಿಗೆದಾರ ಬೇರೆ ಊರಿನಲ್ಲಿರುತ್ತಾನೆ. ಬಾಳಿಕೆ ಹೆಚ್ಚಾದ ಬಣ್ಣವೇ ನೆನಪಿನಿಂದ ಜಾರಿಹೋಯಿತು. ನನ್ನ ತಿರುಗಾಟದಲ್ಲಿ ನನಗೆ ಮುಖ್ಯವಾಗಿ ಹೊಳೆದದ್ದು ಇದು.

ಸರ್ಕಾರದ ಕಡೆಯಿಂದ ನೋಡಿದರೂ ಹಿಂದೆ ದುರಸ್ತಿಗೆ ದೊಡ್ಡ ಸ್ಥಾನವಿತ್ತು. ಮೈಸೂರು ಸಂಸ್ಥಾನದಲ್ಲಿ 1856ರಲ್ಲಿ ಲೋಕೋಪಯೋಗಿ ಇಲಾಖೆ ಬರುವ ಮುಂಚೆ ಇದ್ದದ್ದು ಮರಾಮತ್ತು, ಅಂದರೆ ದುರಸ್ತಿಯ, ಇಲಾಖೆ. ಆಮೇಲೂ ಬಹಳ ಕಾಲ ರಸ್ತೆಗೆ ಗ್ಯಾಂಗಿನವರಿದ್ದರು. ತಮ್ಮ ಪಾಲಿನ ರಸ್ತೆಯ ಗುಂಡಿ ಮುಚ್ಚಿ, ಮೋರಿ ಕೆದಕಿ, ಕಲ್ಲುಗಳಿಗೆ ಸುಣ್ಣ ಕಾಣಿಸುವುದು ಅವರ ಕೆಲಸ. ಬಣ್ಣವೂ ನಮ್ಮಲ್ಲೇ ಆಗುತ್ತಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ 1937ರಲ್ಲಿ ಶುರುವಾದ ಮೈಸೂರಿನ ಅರಗು ಮತ್ತು ಬಣ್ಣದ ಕಾರ್ಖಾನೆ ಇವತ್ತು ಚುನಾವಣೆಯ ಅಳಿಸಲಾಗದ ಶಾಯಿಗೆ ಹೆಸರಾಗಿದೆ. ಅದರ ಮೂಲ ಕಸುಬು ಬಣ್ಣ, ವಾರ್ನಿಷ್.

ಕೋಲಾರ ಪಟ್ಟಣಕ್ಕೆ ಬಂದರೆ ಕ್ಲಾಕ್ ಟವರ್. ಅದರ ಬಣ್ಣ ದೇಶದ ಸುದ್ದಿಯಾಗಿತ್ತು. ಬಹುಕಾಲ ಹಸಿರಾಗಿದ್ದ ಗೋಪುರಕ್ಕೆ 2022ರ ಮಾರ್ಚ್‌ನಲ್ಲಿ ಬಿಗಿ ಪೊಲೀಸ್ ಬಂದೋಬಸ್ತಿನಲ್ಲಿ ಹೊಸ ಬಣ್ಣ ಬಳಿದು ಮೇಲೆ ರಾಷ್ಟ್ರಧ್ವಜ ಹಾರಿಸಲಾಯಿತು. ಗೋಪುರಕ್ಕೆ ಯಾವ ಬಣ್ಣವಿರಬೇಕು ಎಂಬ ವಾದದ ಎರಡೂ ಕಡೆಯ ಮಾತುಗಳನ್ನು ಇಲ್ಲಿ ತೂಗಲು ನಾನು ಹೊರಟಿಲ್ಲ. ನನಗೆ ಅನಿಸಿದ್ದಿಷ್ಟು: ಬಣ್ಣ ಯಾವುದು ಎಂಬುದಕ್ಕೆ ಇಡೀ ಊರು ಎದ್ದು ನಿಲ್ಲಬಲ್ಲದು, ಹಾಗಾದರೆ ಬಳಿದ ಬಣ್ಣವನ್ನು ಕಾಪಾಡಲೂ ಎದ್ದು ನಿಲ್ಲುವ ಶಕ್ತಿ ಊರಿಗಿದೆ. ಗೋಪುರದ ಅಂಚಿನ ಗಾರೆ, ಮಳೆನೀರು ಇಳಿಯುವ ಕೊಳವೆ, ಬಿರುಕು, ಇವುಗಳ ಬಗ್ಗೆಯೂ ಅಷ್ಟೇ ಅಕ್ಕರೆ ಹುಟ್ಟಲಿ ಎಂದು ಅದರ ಕೆಳಗೆ ನಿಂತು ಹಾರೈಸಿದೆ.

ಮುಳಬಾಗಿಲ ಕಡೆ ಹೆದ್ದಾರಿಯ ಬೇಲಿ, ಫಲಕಗಳಿಗೆ ಗುತ್ತಿಗೆಯಲ್ಲೇ ನಿರ್ವಹಣೆ ಸೇರಿರುವುದರಿಂದ ಅವು ಅಷ್ಟಿಷ್ಟು ನೆಟ್ಟಗಿವೆ. ಅಲ್ಲಿಂದ ಒಳದಾರಿಗೆ ಇಳಿದ ಕೂಡಲೇ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಶ್ರೀನಿವಾಸಪುರದ ಮಾವಿನ ತೋಪುಗಳ ನಡುವಿನ ಹಳ್ಳಿಗಳಲ್ಲಿ ತಂಗುದಾಣದ ಹಣೆಯ ಮೇಲಿನ ಹೆಸರುಗಳು ಹೊಸದಾಗಿದ್ದವು, ಕೂರುವ ಪಟ್ಟಿ ಹಳೆಯದಾಗಿತ್ತು. ಮಾಲೂರಿನ ಹೆಂಚು, ಇಟ್ಟಿಗೆಗಳಿಗೆ ಹೆಸರಾದ ಮಣ್ಣಿನ ಸೀಮೆಯಲ್ಲಿ ಕೆಂದೂಳು ಎಲ್ಲದರ ಮೇಲೂ ಕೂತಿರುತ್ತದೆ. ಅಲ್ಲಿ ಬಣ್ಣಕ್ಕಿಂತ ಮುಂಚೆ ಬೇಕಾದ್ದು ಒಂದು ಬಕೆಟ್ ನೀರು. ತೊಳೆದರೇ ಅರ್ಧ ಬಣ್ಣ ವಾಪಸು ಬರುತ್ತದೆ.

ಸ್ಕಾಟ್ಲೆಂಡಿನ ಫೋರ್ತ್ ಸೇತುವೆಯ ಕತೆ ಹಲವರು ಕೇಳಿರಬಹುದು. 1890ರಲ್ಲಿ ತೆರೆದ ಆ ರೈಲು ಸೇತುವೆಗೆ ಒಂದು ತುದಿಯಿಂದ ಬಣ್ಣ ಬಳಿಯುತ್ತಾ ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ ಮೊದಲ ತುದಿ ಮತ್ತೆ ಬಣ್ಣ ಕೇಳುತ್ತದೆ ಎಂಬ ಮಾತು ಗಾದೆಯೇ ಆಗಿಹೋಗಿತ್ತು. 2011ರ ಕೊನೆಗೆ ಬಣ್ಣದವರು ಕೆಲಸ ಮುಗಿಯಿತು ಎಂದು ಇಳಿದರು. ಸುಮಾರು ಹತ್ತು ವರ್ಷ ಹಿಡಿದ ಆ ಕೆಲಸದಲ್ಲಿ ಅವರು ನೂರು ವರ್ಷದ ಹಳೆಯ ಪದರಗಳನ್ನೆಲ್ಲ ಕಿತ್ತು, ಬರೀ ಉಕ್ಕು ಕಾಣುವ ತನಕ ಹೋಗಿ, ಗಾಜಿನ ಚೂರು ಬೆರೆತ ಎಪಾಕ್ಸಿಯ ಹೊಸ ಪದರಗಳನ್ನು ಹಾಕಿದ್ದರು. ಇನ್ನು ಇಪ್ಪತ್ತೈದು ವರ್ಷವಾದರೂ ನಿಲ್ಲುತ್ತದೆ ಎಂಬ ಲೆಕ್ಕ. ವಕ್ಕಲೇರಿಯಲ್ಲಿ ಆ ಹೆಂಗಸು ವೈರ್ ಬ್ರಷ್ಷಿನಲ್ಲಿ ಮಾಡುತ್ತಿದ್ದದ್ದು ಅದೇ ಕೆಲಸ. ಹೀಗಿದ್ದೂ ಎಷ್ಟೋ ಕಡೆ ಬಣ್ಣ ಬಳಿಯುವವನಿಗೆ ಒಂದು ಕೂಲಿ, ಕೆರೆಯುವವಳಿಗೆ ಅದಕ್ಕಿಂತ ಕಡಿಮೆ. ಇದು ಸರಿಯಲ್ಲ. ಕಬ್ಬಿಣವನ್ನು ಉಳಿಸುವ ಕೈ ಅವಳದು.

ಆ ಕೈಯ ಆರೋಗ್ಯದ ಮಾತೂ ಇದೆ. ಹಳೆಯ ಹಳದಿ, ಕೆಂಪು ಬಣ್ಣಗಳಲ್ಲಿ, ಹಳೆಯ ಪ್ರೈಮರುಗಳಲ್ಲಿ ಸೀಸ ಇರುತ್ತಿತ್ತು. ಸೀಸದ ದೂಳು ಉಸಿರಿನಲ್ಲಿ, ಊಟದ ಕೈಯಲ್ಲಿ ಒಳಹೋದರೆ ರಕ್ತ, ನರಗಳಿಗೆ ಹಾನಿ. ಮಕ್ಕಳಿಗಂತೂ ಇನ್ನೂ ಹೆಚ್ಚು. ಬೆಂಗಳೂರಿನ ತುಪ್ಪಿಲ್ ವೆಂಕಟೇಶ್ ಅವರಂಥ ವಿಜ್ಞಾನಿಗಳು ದಶಕಗಳ ಕಾಲ ಇದನ್ನು ಸಾರಿದರು. ಮನೆ ಮತ್ತು ಅಲಂಕಾರದ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದೆಂಬ ಕೇಂದ್ರದ ನಿಯಮ 2016ರಲ್ಲಿ ಬಂದು 2017ರ ನವೆಂಬರಿನಿಂದ ಜಾರಿಯಾಯಿತು. ಅದಕ್ಕೂ ಹಿಂದಿನ ಪದರಗಳು ಕಂಬಗಳ ಮೇಲೆ ಇನ್ನೂ ಇವೆ. ಒಣಗಿದ್ದನ್ನು ಉಜ್ಜುವ ಬದಲು ನೀರು ಚಿಮುಕಿಸಿ ಉಜ್ಜುವುದು, ಕೆಳಗೆ ಗೋಣಿ ಹಾಸಿ ಪುಡಿಯನ್ನು ಸೇರಿಸುವುದು, ಸೆರಗಿನ ಬದಲು ಒಳ್ಳೆಯ ಮಾಸ್ಕ್ ಕಟ್ಟುವುದು, ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಯುವುದು. ಶಾಲೆಯ ಮುಂದಿನ ಕೆಲಸವನ್ನು ರಜೆಯಲ್ಲಿ ಮಾಡುವುದು. ಆಕೆಗೆ ಇದನ್ನು ಹೇಳಿದೆ. “ನೀರು ಹಾಕಿದ್ರೆ ತಿರುಗಾ ತುಕ್ಕು ಬರಲ್ವಾ ಅಕ್ಕಾ?” ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಹಳೆಯ ಬಣ್ಣ ಎಬ್ಬಿಸುವಾಗ ಮಾತ್ರ ನೀರು, ತಕ್ಷಣ ಒರೆಸಿ ಒಣಗಿಸಿ ಆಮೇಲೆ ಕಡೆಯ ಉಜ್ಜು ಎಂದು ಮಾತಾಡಿಕೊಂಡೆವು.

ಹಣದ ಮಾತು ಬಂದರೆ ದಾರಿ ಪೂರ್ತಿ ಮುಚ್ಚಿಲ್ಲ. ಹದಿನೈದನೇ ಹಣಕಾಸು ಆಯೋಗ 2021–26ರ ಅವಧಿಗೆ ಗ್ರಾಮ ಪಂಚಾಯಿತಿಗಳಿಗೆ ಕೊಟ್ಟ ಅನುದಾನದಲ್ಲಿ ಶೇಕಡ 60 ಕುಡಿಯುವ ನೀರು, ನೈರ್ಮಲ್ಯಕ್ಕೆ ಕಟ್ಟಿಟ್ಟದ್ದು. ಉಳಿದ 40 ಊರಿನ ಇತರ ಅಗತ್ಯಗಳಿಗೆ. ಕೆಲಸದ ಅಂದಾಜುಪಟ್ಟಿ ಬರೆಯುವಾಗ ‘ಬಣ್ಣ ಬಳಿಯುವುದು’ ಎಂದು ಒಂದೇ ಬಾಬ್ತು ಹಾಕದೆ, ಹಳೆಯ ಬಣ್ಣ ಮತ್ತು ತುಕ್ಕು ತೆಗೆಯುವುದನ್ನು ಬೇರೆ ಬಾಬ್ತಾಗಿ ಬರೆದರೆ ಆ ಕೆಲಸಕ್ಕೂ ದುಡ್ಡು ಸಿಗುತ್ತದೆ, ಮಾಡಿದ್ದಾರೋ ಇಲ್ಲವೋ ಎಂದು ನೋಡಲೂ ಬರುತ್ತದೆ.

ಬಣ್ಣ ಬಳಿದ ತಾರೀಕನ್ನು ಅಲ್ಲೇ ಬರೆದಿಡುವ ವಿಚಾರ ಹೊಳೆದದ್ದು ಮಾಲೂರು ರೈಲು ನಿಲ್ದಾಣದಲ್ಲಿ. ಗೂಡ್ಸ್ ಡಬ್ಬಿಗಳ ಮಗ್ಗುಲಲ್ಲಿ ಕೊನೆಯ ಸಲ ಪೂರ್ತಿ ರಿಪೇರಿ ಆದದ್ದು ಎಲ್ಲಿ, ಯಾವಾಗ, ಮತ್ತೆ ಯಾವಾಗ ಆಗಬೇಕು ಎಂದು ಬಿಳಿ ಅಕ್ಷರದಲ್ಲಿ ಬರೆದಿರುತ್ತಾರೆ. ಯಾವ ಗಾರ್ಡೂ ಅದನ್ನು ಬಾಯಿಪಾಠ ಇಟ್ಟುಕೊಳ್ಳಬೇಕಿಲ್ಲ, ಡಬ್ಬಿಯೇ ಹೇಳುತ್ತದೆ. ಹಳ್ಳಿಯ ಬೆಂಚಿನ ತಳಕ್ಕೆ, ತಂಗುದಾಣದ ಕಂಬದ ಹಿಂದೆ, ಮೋರಿ ಕಟ್ಟೆಯ ಒಳಮೈಗೆ ಹೀಗೆ ಎರಡು ಸಾಲು ಬರೆಯಲು ಏನು ಅಡ್ಡಿ? ಕೆರೆದ ತಿಂಗಳು, ಬಳಿದ ತಿಂಗಳು, ಮುಂದಿನ ಸಲದ ವರ್ಷ. ಸುಣ್ಣಕ್ಕೆ ಯುಗಾದಿ ಇದ್ದ ಹಾಗೆ ಕಬ್ಬಿಣಕ್ಕೂ ಒಂದು ದಿನ ಗೊತ್ತುಮಾಡುವುದಾದರೆ ಮಳೆ ಮುಗಿದು ಗಾಳಿ ಒಣಗಿರುವ ಕಾಲ, ಸಂಕ್ರಾಂತಿಯ ಆಸುಪಾಸು, ಈ ಸೀಮೆಗೆ ಒಳ್ಳೆಯದು.

ವಕ್ಕಲೇರಿಯ ಕೆಲಸಗಾರರಿಗೆ ಈ ಮಾತು ಹಿಡಿಸಿತು. “ಬರೆದ್ರೆ ನಮ್ಮ ಮರ್ಯಾದೆ ಪ್ರಶ್ನೆ ಆಯ್ತದೆ ಅಕ್ಕಾ, ಇನ್ನೂ ಚೆನ್ನಾಗಿ ಕೆರೀಬೇಕಾಯ್ತದೆ,” ಅಂದರು ಆತ. ನಮ್ಮ ಊರಿನ ವಾರ್ಡ್ ಸಭೆಗೆ ಇದನ್ನೇ ಅರ್ಜಿಯಾಗಿ ಬರೆದು ಕೊಟ್ಟಿದ್ದೇನೆ. ಮೊದಲು ಶಾಲೆಯ ತಿರುವಿನ ಮೋರಿ ಕಟ್ಟೆ, ಆಮೇಲೆ ತಂಗುದಾಣದ ಕಂಬಗಳ ಬುಡ, ಕೊನೆಗೆ ಬೆಂಚುಗಳು ಎಂದು ಕ್ರಮ ಸೂಚಿಸಿದ್ದೇನೆ. ಕೆರೆಯುವವರ ಕೂಲಿಯನ್ನು ಬಣ್ಣದವರ ಕೂಲಿಗೆ ಸಮ ಮಾಡಿ ಅಂದಾಜು ಹಾಕಬೇಕೆಂದೂ ಕೇಳಿದ್ದೇನೆ.